ಹಳೇ ಕೋವಿ ಯಾವ ಕಾಲದ್ದು? ನಳಿಗೆಯ ಅಡಿಯ ಮುದ್ರೆ ಓದುವ ಬಗೆ

ಸೆಪ್ಟೆಂಬರ್ ಮೊದಲ ವಾರ ಆಯುಧಗಳ ಹಬ್ಬ ಕೈಲ್ ಪೊಳ್ದ್ ಬಂತೆಂದರೆ ಕೊಡಗಿನ ಮನೆಗಳಲ್ಲಿ ಕೋವಿಗಳು ಪೆಟ್ಟಿಗೆಯಿಂದ ಹೊರಬರುತ್ತವೆ. ಒರೆಸಿ, ಎಣ್ಣೆ ಹಚ್ಚಿ, ತೋಕ್ ಪೂ (ಕೋವಿ ಹೂ) ಸಿಕ್ಕಿಸಿ ದೀಪದ ಮುಂದೆ ಇಡುತ್ತಾರೆ. ಮಲೆನಾಡಿನ ಕಡೆ ಆಯುಧಪೂಜೆಯ ದಿನ ಕತ್ತಿ, ಗುದ್ದಲಿಯ ಸಾಲಿನಲ್ಲಿ ಒಂದು ತೋಟೆಕೋವಿಗೂ ಕುಂಕುಮ ಬೀಳುತ್ತದೆ. ಆ ಕೋವಿ ಎಷ್ಟು ಹಳೆಯದು ಎಂದು ಕೇಳಿ ನೋಡಿ. ‘ಮುತ್ತಾತನ ಕಾಲದ್ದು’, ‘ಬ್ರಿಟಿಷ್ ದೊರೆ ಬಿಟ್ಟುಹೋದದ್ದು’, ‘ನೂರೈವತ್ತು ವರ್ಷ ಆಗಿರಬೇಕು’ ಎಂಬ ಉತ್ತರಗಳು ಬರುತ್ತವೆ. ಆದರೆ ಅದರ ಕಾಲ ಅದೇ ಕೋವಿಯ ಮೈಮೇಲೆ, ಮರದ ಮರೆಯಲ್ಲಿ, ಅಂಗೈ ಅಗಲದ ಜಾಗದಲ್ಲಿ ಅಚ್ಚಾಗಿರುತ್ತದೆ. ಅದನ್ನು ಓದಲು ಬೇಕಾದದ್ದು ಒಂದು ಭೂತಗನ್ನಡಿ, ಒಂದು ಟಾರ್ಚು ಮತ್ತು ಸ್ವಲ್ಪ ತಾಳ್ಮೆ.

ಇದು ಬರೀ ಕುತೂಹಲದ ಮಾತಲ್ಲ. ನಳಿಗೆಯ ಮೇಲಿನ ಮುದ್ರೆಗಳು ಕಾಲದ ಜೊತೆಗೆ ಇನ್ನೊಂದು ಸಂಗತಿಯನ್ನೂ ಹೇಳುತ್ತವೆ: ಆ ನಳಿಗೆ ಎಷ್ಟು ಒತ್ತಡ ತಡೆಯಬಲ್ಲದೆಂದು ಪರೀಕ್ಷೆಯಾಗಿದೆ, ಯಾವ ಅಳತೆಯ ತೋಟೆ ಅದಕ್ಕೆ ಸಲ್ಲುತ್ತದೆ. ಕರಿಮದ್ದಿನ ಕಾಲದ ನಳಿಗೆಗೆ ಇಂದಿನ ಅಂಗಡಿಯ ತೋಟೆ ತುಂಬಿದರೆ ಅದು ಸಿಡಿದು ಎಡಗೈ ಬೆರಳುಗಳೇ ಹೋಗಬಹುದು. ಕೋವಿಯ ವಯಸ್ಸು ತಿಳಿದಿರಬೇಕು ಎಂದು ನಾನು ಒತ್ತಿ ಹೇಳುವುದು ಮೊದಲಿಗೆ ಈ ಕಾರಣಕ್ಕೆ. ಬೆಲೆ, ಪ್ರತಿಷ್ಠೆ ಎಲ್ಲ ಆಮೇಲೆ.

ನಮ್ಮ ಕಡೆ ಉಳಿದಿರುವ ಹಳೇ ಜೋಡಿನಳಿಗೆ ಕೋವಿಗಳಲ್ಲಿ ಇಂಗ್ಲೆಂಡಿನವು ಬಹಳ. ಆದ್ದರಿಂದ ಇಲ್ಲಿ ಹೆಚ್ಚು ಮಾತು ಲಂಡನ್ ಮತ್ತು ಬರ್ಮಿಂಗ್‌ಹ್ಯಾಮ್ ಮುದ್ರೆಗಳದ್ದು.

ಬಿಚ್ಚುವ ಮೊದಲು

ಕೋವಿ ಖಾಲಿಯಿದೆಯೇ ಎಂದು ಮೊದಲು ಕಣ್ಣಾರೆ ನೋಡಿ. ತೋಟೆಕೋವಿಯಾದರೆ ಮಡಚಿ ಎರಡೂ ನಳಿಗೆಯೊಳಗೆ ಬೆಳಕು ಹಾಯಿಸಬೇಕು. ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿಯಾದರೆ ಇನ್ನೂ ಎಚ್ಚರ ಬೇಕು. ಎಷ್ಟೋ ವರ್ಷಗಳ ಹಿಂದೆ ಜಡಿದ ಈಡು ಒಳಗೇ ಉಳಿದಿರುವುದುಂಟು. ಕೇಪು ತೆಗೆದು, ಒಂದು ಕೋಲನ್ನು ನಳಿಗೆಗೆ ಇಳಿಬಿಟ್ಟು ಅದು ಎಷ್ಟು ಆಳ ಹೋಯಿತೆಂದು ಗುರುತು ಮಾಡಿಕೊಳ್ಳಿ. ಹೊರಗಿನಿಂದ ಅಳೆದ ನಳಿಗೆಯ ಉದ್ದಕ್ಕೂ ಅದಕ್ಕೂ ಅಂತರ ಕಂಡರೆ ಒಳಗೆ ಏನೋ ಇದೆ ಎಂದೇ ಲೆಕ್ಕ. ಕೆದಕಲು ಹೋಗದೆ ಕೋವಿ ರಿಪೇರಿ ಬಲ್ಲವರಿಗೆ ಒಪ್ಪಿಸಿ.

ತೋಟೆಕೋವಿಯಲ್ಲಿ ಎಡಗೈ ಹಿಡಿಯುವ ಮರದ ತುಂಡು, ಅಂದರೆ ಫೋರೆಂಡ್, ಒಂದು ಚಿಕ್ಕ ಸನ್ನೆಯನ್ನೋ ಗುಂಡಿಯನ್ನೋ ಎಳೆದರೆ ಕಳಚಿಕೊಳ್ಳುತ್ತದೆ. ಆಮೇಲೆ ಕೋವಿಯನ್ನು ಮಡಚಿದರೆ ನಳಿಗೆಗಳು ಪೂರ್ತಿ ಬೇರೆಯಾಗಿ ಕೈಗೆ ಬರುತ್ತವೆ. ಅವನ್ನು ಬೋರಲು ಹಾಕಿ. ಹಿಂಭಾಗದಲ್ಲಿ, ಕೊಂಡಿಗಳ ಎರಡೂ ಪಕ್ಕ, ಉಗುರಿನಷ್ಟು ಅಗಲದ ಎರಡು ಚಪ್ಪಟೆ ಜಾಗಗಳಿವೆ. ನಮಗೆ ಬೇಕಾದದ್ದೆಲ್ಲ ಅಲ್ಲೇ ಇದೆ. ಕೆಲವೊಮ್ಮೆ ಮುದ್ರೆಗಳು ಅಲ್ಲಿಂದ ಮುಂದಕ್ಕೆ ಕೊಳವೆಗಳ ಹೊಟ್ಟೆಯ ಮೇಲೂ ಹರಡಿರುತ್ತವೆ.

ಹಳೇ ಜಿಡ್ಡು ಗಟ್ಟಿಯಾಗಿದ್ದರೆ ಒಂದೆರಡು ಹನಿ ತೆಳು ಎಣ್ಣೆ ಬಿಟ್ಟು ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಹತ್ತಿಬಟ್ಟೆಯಿಂದ ಒರೆಸಿದರೆ ಸಾಕು. ಹುಣಸೆಹಣ್ಣು, ಬೂದಿ, ಮರಳುಕಾಗದ, ತಂತಿ ಬ್ರಷ್ಷು ಇವು ಯಾವುವೂ ಬೇಡ. ಹಬ್ಬಕ್ಕೆ ಹೊಳೆಯಲಿ ಎಂದು ಉಜ್ಜಿ ಉಜ್ಜಿ ಅಕ್ಷರಗಳೇ ಸವೆದುಹೋದ ಕೋವಿಗಳನ್ನು ನೋಡಿದಾಗ ನಿಜಕ್ಕೂ ಸಂಕಟವಾಗುತ್ತದೆ. ಅಕ್ಷರ ಮಸುಕಾಗಿದ್ದರೆ ಶಾಲೆಯ ಸೀಮೆಸುಣ್ಣದ ಪುಡಿಯನ್ನು ತೆಳ್ಳಗೆ ತಿಕ್ಕಿ, ಮೇಲಿನದನ್ನು ಒರೆಸಿ. ಗುಂಡಿಯಲ್ಲಿ ಉಳಿದ ಬಿಳಿಯಲ್ಲಿ ಅಕ್ಷರ ಮೂಡುತ್ತದೆ. ಟಾರ್ಚನ್ನು ನೇರ ಹಿಡಿಯದೆ ಪಕ್ಕದಿಂದ ಓರೆಯಾಗಿ ಹಿಡಿದು ಫೋಟೋ ತೆಗೆಯಿರಿ.

ಮೇಲಿನ ಹೆಸರನ್ನು ಕೂಡಲೇ ನಂಬಬೇಡಿ

ಎರಡು ನಳಿಗೆಗಳ ನಡುವಿನ ಪಟ್ಟಿಯ ಮೇಲೆ ದೊಡ್ಡದಾಗಿ ಕೆತ್ತಿರುವ ಹೆಸರು ಕೋವಿ ಮಾಡಿದವರದ್ದೇ ಆಗಬೇಕಿಲ್ಲ, ಮಾರಿದವರದ್ದೂ ಇರಬಹುದು. ಮದ್ರಾಸಿನ ಪಿ. ಆರ್ ಅಂಡ್ ಸನ್ಸ್ ಗಡಿಯಾರ, ಒಡವೆಗಳ ಜೊತೆಗೆ ತಮ್ಮ ಹೆಸರು ಕೆತ್ತಿಸಿದ ಕೋವಿಗಳನ್ನೂ ಮಾರುತ್ತಿದ್ದರು. ಕಲ್ಕತ್ತೆಯಲ್ಲಿ ಮ್ಯಾಂಟನ್, ಲಯನ್ ಅಂಡ್ ಲಯನ್, ಆರ್.ಬಿ. ರೊಡ್ಡಾ ಕಂಪನಿಗಳಿದ್ದವು. 1914ರ ಆಗಸ್ಟ್‌ನಲ್ಲಿ ಬಂಗಾಳದ ಕ್ರಾಂತಿಕಾರಿಗಳು ಮೌಸರ್ ಪಿಸ್ತೂಲುಗಳ ಪೆಟ್ಟಿಗೆಗಳನ್ನು ಹಾರಿಸಿದ್ದು ಇದೇ ರೊಡ್ಡಾ ಕಂಪನಿಯ ಸರಕಿನಿಂದ. ಇಂಥ ಅಂಗಡಿಗಳು ಇಂಗ್ಲೆಂಡಿನಿಂದ, ಹೆಚ್ಚಾಗಿ ಬರ್ಮಿಂಗ್‌ಹ್ಯಾಮಿನಿಂದ, ಕೋವಿ ತರಿಸಿಕೊಳ್ಳುತ್ತಿದ್ದವು. ಪಟ್ಟಿಯ ಮೇಲೆ ‘ಮದ್ರಾಸ್’ ಎಂದಿದ್ದು ಅಡಿಯಲ್ಲಿ ಬರ್ಮಿಂಗ್‌ಹ್ಯಾಮ್ ಮುದ್ರೆಯಿದ್ದರೆ ಗಾಬರಿ ಬೇಡ.

ಗಾಬರಿಯಾಗಬೇಕಾದದ್ದು ಬೇರೆ ಥರದ ಹೆಸರುಗಳಿಗೆ. ಬೆಲ್ಜಿಯಮ್ಮಿನ ಲಿಯೇಜ್ ಪಟ್ಟಣದಿಂದ ಅಗ್ಗದ ಕೋವಿಗಳು ಹತ್ತೊಂಬತ್ತನೇ ಶತಮಾನದಲ್ಲಿ ಲೋಕಕ್ಕೆಲ್ಲ ಹೋದವು. ಬರ್ಮಿಂಗ್‌ಹ್ಯಾಮಿನ ಹೆಸರಾಂತ ವೆಸ್ಟ್ಲಿ ರಿಚರ್ಡ್ಸ್ ಕಂಪನಿಯನ್ನು ನೆನಪಿಸುವಂತೆ ‘ಡಬ್ಲ್ಯು. ರಿಚರ್ಡ್ಸ್’ ಎಂದು ಬರೆಸಿಕೊಂಡವು ಅವುಗಳಲ್ಲಿದ್ದವು. ‘ಲಂಡನ್ ಫೈನ್ ಟ್ವಿಸ್ಟ್’ ಎಂದು ನಳಿಗೆಯ ಮೇಲೆ ಬರೆದದ್ದು ಲಂಡನ್ನನ್ನೇ ನೋಡದ ಕೋವಿಯೂ ಆಗಿರಬಹುದು. ಮರ ಬಿಚ್ಚಿ, ಅಡಿಯಲ್ಲಿ ಮೊಟ್ಟೆಯಾಕಾರದ ಗೆರೆಯೊಳಗೆ ‘ಇ.ಎಲ್.ಜಿ.’ ಅಕ್ಷರ ಕಂಡರೆ ಅದು ಲಿಯೇಜ್‌ನಲ್ಲಿ ಪರೀಕ್ಷೆಯಾದದ್ದು. ಆ ಮೊಟ್ಟೆಯ ಮೇಲೆ ಕಿರೀಟವಿದ್ದರೆ 1893ರ ನಡುವಿನಿಂದ ಈಚೆಗೆ. ಕಿರೀಟವಿಲ್ಲದಿದ್ದರೆ ಅದಕ್ಕೂ ಹಿಂದೆ. ಸಿಂಹದ ಜೊತೆ ‘ಪಿ.ವಿ.’ ಅಕ್ಷರಗಳಿದ್ದರೆ ಹೊಗೆಯಿಲ್ಲದ ಮದ್ದಿಗೂ ಪರೀಕ್ಷೆಯಾಗಿದೆ ಎಂದರ್ಥ. 1922ರಿಂದ ಲಿಯೇಜ್‌ನವರು ವರ್ಷಕ್ಕೊಂದು ಅಕ್ಷರವನ್ನೂ ಒತ್ತತೊಡಗಿದರು.

ಎರಡು ಪರೀಕ್ಷಾಲಯಗಳು

ಇಂಗ್ಲೆಂಡಿನಲ್ಲಿ ನಳಿಗೆಯನ್ನು ಮಾರುವ ಮೊದಲು ಸರ್ಕಾರ ಒಪ್ಪಿದ ಪರೀಕ್ಷಾಲಯಕ್ಕೆ ಕಳಿಸಲೇಬೇಕು. ಅಲ್ಲಿ ಮಾಮೂಲಿಗಿಂತ ಬಹಳ ಹೆಚ್ಚು ಮದ್ದು ತುಂಬಿ ಸಿಡಿಸುತ್ತಾರೆ. ಬಿರುಕು, ಉಬ್ಬು ಕಾಣದಿದ್ದರೆ ಮುದ್ರೆ ಬೀಳುತ್ತದೆ. ಲಂಡನ್ನಿನ ಕೋವಿ ಕಸುಬುದಾರರ ಸಂಘಕ್ಕೆ ಈ ಅಧಿಕಾರ ಸಿಕ್ಕಿದ್ದು 1637ರಲ್ಲಿ, ಒಂದನೇ ಚಾರ್ಲ್ಸ್ ದೊರೆಯ ಸನ್ನದಿನಿಂದ. ಬರ್ಮಿಂಗ್‌ಹ್ಯಾಮಿನ ಪರೀಕ್ಷಾಲಯ ಸಂಸತ್ತಿನ ಕಾಯ್ದೆಯ ಮೂಲಕ 1813ರಲ್ಲಿ ಹುಟ್ಟಿತು. ಎರಡೂ ಇಂದಿಗೂ ಕೆಲಸ ಮಾಡುತ್ತಿವೆ. ನಮಗೆ ಅನುಕೂಲವಾಗಿರುವುದು ಈ ಪರೀಕ್ಷೆಯ ನಿಯಮಗಳು ಕಾಲಕಾಲಕ್ಕೆ ಬದಲಾದದ್ದು. ನಿಯಮ ಬದಲಾದಾಗೆಲ್ಲ ಮುದ್ರೆಯ ಅಚ್ಚೂ ಬದಲಾಯಿತು. ಯಾವ ಮುದ್ರೆ ಇದೆ ಎನ್ನುವಷ್ಟೇ ಯಾವುದು ಇಲ್ಲ ಎನ್ನುವುದೂ ಮುಖ್ಯ. ಇರುವುದರಿಂದ ‘ಈ ವರ್ಷಕ್ಕಿಂತ ಹಿಂದಿನದಲ್ಲ’ ಎಂದು ತಿಳಿಯುತ್ತದೆ, ಇಲ್ಲದ್ದರಿಂದ ‘ಆ ವರ್ಷಕ್ಕಿಂತ ಈಚಿನದಲ್ಲ’ ಎಂದು. ಈ ಎರಡರ ನಡುವೆ ಕೋವಿ ಹುಟ್ಟಿದ ಕಾಲ ಸಿಕ್ಕಿಬೀಳುತ್ತದೆ.

ಲಂಡನ್ನಿನ ಗುರುತು ಸುಲಭ. ಕಿರೀಟದ ಕೆಳಗೆ ಒಂದಕ್ಕೊಂದು ಹೆಣೆದ ‘ಜಿ.ಪಿ.’, ಜೊತೆಗೆ ಕಿರೀಟದ ಕೆಳಗೆ ‘ವಿ’. ಇವೆರಡೂ ಶತಮಾನಗಟ್ಟಲೆ ನಡೆದುಬಂದಿರುವುದರಿಂದ ಇವುಗಳಿಂದಲೇ ಇಸವಿ ಸಿಗದು. ಲಂಡನ್ ಮುದ್ರೆಯಿದ್ದರೆ ಪಕ್ಕದ ಚಿಕ್ಕ ಅಂಕಿಗಳನ್ನೇ ನಂಬಬೇಕು. ಆದರೆ ಖಡ್ಗ ಹಿಡಿದ ಕವಚದ ತೋಳು, ಅದರ ಕೆಳಗೆ ‘ಎನ್.ಪಿ.’ ಕಂಡರೆ ಅದು 1904ರ ನಂತರ ಹೊಗೆಯಿಲ್ಲದ ನೈಟ್ರೋ ಮದ್ದಿಗೆ ಪರೀಕ್ಷೆಯಾದ ನಳಿಗೆ.

ಬರ್ಮಿಂಗ್‌ಹ್ಯಾಮ್ ಹೆಚ್ಚು ಮಾತಾಡುತ್ತದೆ. 1813ರಿಂದ 1904ರವರೆಗೆ ಅಲ್ಲಿನ ಮುದ್ರೆ ಎಂದರೆ ಅಡ್ಡಡ್ಡ ಇಟ್ಟ ಎರಡು ರಾಜದಂಡ, ಮೇಲೆ ಕಿರೀಟ. ಒಂದು ಮುದ್ರೆಯಲ್ಲಿ ದಂಡಗಳ ಸಂದಿಯಲ್ಲಿ ‘ಬಿ’, ‘ಪಿ’, ‘ಸಿ’ ಅಕ್ಷರಗಳು, ಇನ್ನೊಂದರಲ್ಲಿ ಕೆಳಗೆ ‘ವಿ’ ಮಾತ್ರ. 1904ರಲ್ಲಿ ಈ ಜೋಡಿ ಹೋಗಿ ಕಿರೀಟದ ಕೆಳಗೆ ನೇರ ಅಕ್ಷರದ ‘ಬಿ.ಪಿ.’, ‘ಬಿ.ವಿ.’ ಬಂದವು. ನೈಟ್ರೋ ಪರೀಕ್ಷೆಯಾದದ್ದಕ್ಕೆ ಕಿರೀಟದ ಕೆಳಗೆ ‘ಎನ್.ಪಿ.’. 1954ರ ನಿಯಮದ ನಂತರ ಅದು ‘ಬಿ.ಎನ್.ಪಿ.’ ಆಯಿತು. ನಿಮ್ಮ ಕೋವಿಯಲ್ಲಿ ರಾಜದಂಡಗಳಿವೆಯೇ, ಬರೀ ಅಕ್ಷರಗಳಿವೆಯೇ ಎಂದು ನೋಡಿದ ಕೂಡಲೇ ಅದು 1904ರ ಯಾವ ದಡದ್ದು ಎಂದು ಗೊತ್ತಾಗಿಬಿಡುತ್ತದೆ.

1921ರ ನಂತರದ ಬರ್ಮಿಂಗ್‌ಹ್ಯಾಮ್ ನಳಿಗೆಗಳಲ್ಲಿ ಇನ್ನೊಂದು ಚಿಕ್ಕ ಮುದ್ರೆಗಾಗಿ ಹುಡುಕಿ. ಪರೀಕ್ಷಕರು ತಮ್ಮ ಲೆಕ್ಕಕ್ಕೆಂದು ವರ್ಷಕ್ಕೊಂದು ಇಂಗ್ಲಿಷ್ ಅಕ್ಷರವನ್ನು ಒತ್ತುತ್ತಿದ್ದರು, ‘ಎ’ ಎಂದರೆ 1921-22. ಎಲ್ಲ ಕೋವಿಗಳಲ್ಲೂ ಇದು ಸ್ಪಷ್ಟವಾಗಿರುವುದಿಲ್ಲ, ಸಿಕ್ಕರೆ ನಿಮ್ಮ ಅದೃಷ್ಟ.

ಅಂಕಿಗಳು ಹೇಳುವುದು

ಇನ್ನು ಅಂಕಿಗಳಿಗೆ ಬರೋಣ. ಹನ್ನೆರಡು ಬೋರು ಎಂದು ನಾವೆಲ್ಲ ಹೇಳುತ್ತೇವೆ. ಒಂದು ಪೌಂಡ್ ಸೀಸದಲ್ಲಿ ಸಮತೂಕದ ಹನ್ನೆರಡು ಗುಂಡು ಎರೆದರೆ ಒಂದೊಂದು ಗುಂಡಿನ ಅಡ್ಡಳತೆ ಎಷ್ಟಾಗುತ್ತದೋ ನಳಿಗೆಯ ಒಳ ಅಡ್ಡಳತೆ ಅಷ್ಟು, ಅಂದರೆ 0.729 ಇಂಚು. ಅದಕ್ಕೇ ಬೋರಿನ ಅಂಕಿ ಏರಿದಂತೆ ಕೊಳವೆ ಸಣ್ಣದಾಗುತ್ತದೆ. ಹನ್ನೆರಡು ಬೋರಿನ ಕೋವಿಯ ಅಡಿಯಲ್ಲಿ ‘13’ ಎಂದು ಕಂಡು ಗೊಂದಲವಾಗುವವರು ಬಹಳ ಜನ. ತೋಟೆ ಕೂರುವ ಚೇಂಬರು ಹನ್ನೆರಡರದ್ದು, ಮುಂದಿನ ಕೊಳವೆಯನ್ನು ಸ್ವಲ್ಪ ಬಿಗಿಯಾಗಿ 0.710 ಇಂಚಿಗೆ ಕೊರೆದಿದ್ದಾರೆ, ಅಷ್ಟೇ. ‘13/1’ ಎಂದಿದ್ದರೆ 0.719, ‘12/1’ ಎಂದಿದ್ದರೆ 0.740. ಈ ಓರೆಗೆರೆಯ ಅಂಕಿಗಳು 1887ರಿಂದ 1954ರವರೆಗಿನವು. 1954ರ ನಂತರ ‘.729’ ಎಂದು ದಶಾಂಶದಲ್ಲೇ ಒತ್ತಿದರು.

ಬೋರಿನ ಈ ಅಂಕಿ ಸವೆತವನ್ನು ಪತ್ತೆಹಚ್ಚುವುದಕ್ಕೂ ಬೇಕು. ‘13’ ಎಂದು ಮುದ್ರೆಯಿದ್ದ ನಳಿಗೆ ಈಗ ಅಳೆದಾಗ 0.729 ಬಂದರೆ, ತುಕ್ಕು ತೆಗೆಯಲು ಯಾರೋ ಒಳಗೆ ಕೊರೆಸಿದ್ದಾರೆ, ಗೋಡೆ ತೆಳ್ಳಗಾಗಿದೆ. ಮೇಲಿನ ಮುದ್ರೆ ಎಷ್ಟೇ ಗಟ್ಟಿಯಾಗಿ ಕಂಡರೂ ಆ ಪರೀಕ್ಷೆಗೆ ಈಗ ಬೆಲೆಯಿಲ್ಲ. ಇಂಗ್ಲೆಂಡಿನಲ್ಲಿ ಅಂಥದ್ದನ್ನು ಮರುಪರೀಕ್ಷೆಯಿಲ್ಲದೆ ಮಾರುವಂತೆಯೇ ಇಲ್ಲ.

ಕಾಲಕ್ಕೆ ಸಂಬಂಧಿಸಿದ ಅತಿ ಉಪಯುಕ್ತ ಗುರುತು ಚೌಕವನ್ನು ಓರೆ ನಿಲ್ಲಿಸಿದಂಥ ವಜ್ರಾಕೃತಿ. ಅದರೊಳಗೆ ‘12’, ಅದರ ಕೆಳಗೆ ‘ಸಿ’ ಇದ್ದರೆ 1887ರಿಂದ 1925ರ ನಡುವಿನ ನಳಿಗೆ. ‘ಎಲ್.ಸಿ.’ ಎಂದಿದ್ದರೆ ಅದೇ ಕಾಲದ್ದು, ಆದರೆ ಉದ್ದ ತೋಟೆಯ ಚೇಂಬರು. 1925ರಿಂದ ‘ಸಿ’ ಅಕ್ಷರ ಹೋಗಿ ಚೇಂಬರಿನ ಉದ್ದವನ್ನೇ ‘2½’ ಎಂದು ಇಂಚಿನಲ್ಲಿ ಒತ್ತಿದರು. ಜೊತೆಗೆ ತುಂಬಬಹುದಾದ ಚರೆಯ ತೂಕ, ಸಾಮಾನ್ಯವಾಗಿ 1⅛ ಔನ್ಸ್. 1954ರಿಂದ ತೂಕದ ಬದಲು ಒತ್ತಡವನ್ನೇ ‘3 ಟನ್ಸ್’ ಎಂದು ಚದರ ಇಂಚಿನ ಲೆಕ್ಕದಲ್ಲಿ ಹಾಕಿದರು. ‘ಬಾರ್’ ಎಂಬ ಮೆಟ್ರಿಕ್ ಅಳತೆ ಕಂಡರೆ ಅದು 1980ರ ದಶಕದ ಕೊನೆಯಿಂದ ಈಚಿನ ಪರೀಕ್ಷೆ. ವಜ್ರಾಕೃತಿಯೇ ಇಲ್ಲ, ರಾಜದಂಡಗಳು ಮಾತ್ರ ಇವೆ, ಪಕ್ಕದಲ್ಲಿ ಬೋರಿನ ಅಂಕಿಯಿದೆ ಎಂದರೆ ಕೋವಿ 1887ಕ್ಕೂ ಹಿಂದಿನದು. ಆ ಬೋರಿನ ಅಂಕಿ ಒತ್ತುವ ಪದ್ಧತಿ ಶುರುವಾದದ್ದು 1855ರ ಕಾಯ್ದೆಯ ನಂತರ.

ಮೂರು ಪದಗಳ ಇನ್ನೊಂದು ಮುದ್ರೆಯಿದೆ: ‘ನಾಟ್ ಫಾರ್ ಬಾಲ್’. ಬಾಯಿಯ ಬಳಿ ಕಿರಿದಾಗಿಸಿದ ಚೋಕ್ ನಳಿಗೆಗೆ ಒಂಟಿ ಗುಂಡು ಹಾಕಬೇಡಿ ಎಂಬ ಎಚ್ಚರಿಕೆ ಅದು. 1875ರಿಂದ 1887ರವರೆಗೆ ಮಾತ್ರ ಇದು ನಡೆಯಿತು. 1887ರಲ್ಲಿ ಬರೀ ‘ಚೋಕ್’ ಎಂಬ ಪದ ಬಂತು. ಹನ್ನೆರಡೇ ವರ್ಷದ ಆಯಸ್ಸಿನ ಈ ಮುದ್ರೆ ನಿಮ್ಮ ಕೋವಿಯಲ್ಲಿ ಸಿಕ್ಕರೆ ಸೀರಿಯಲ್ ನಂಬರಿನ ಹಂಗೇ ಇಲ್ಲದೆ ಕಾಲ ತಿಳಿದಂತಾಯಿತು.

ಒಂದು ಕೋವಿಯನ್ನು ಓದೋಣ

ದಕ್ಷಿಣ ಕೊಡಗಿನ ಒಂದು ಐನ್‌ಮನೆಯಲ್ಲಿ, ಅಂದರೆ ಕುಟುಂಬದ ಮೂಲಮನೆಯಲ್ಲಿ, ನೋಡಿದ ಜೋಡಿನಳಿಗೆ ಇದು. ಹೊರಗೆ ಎರಡು ಕುದುರೆಗಳು (ಹ್ಯಾಮರ್), ನಳಿಗೆಯ ಮೈತುಂಬ ಕಂದು-ಬಿಳಿಯ ಸುರುಳಿ ಸುರುಳಿ ನಕ್ಷೆ. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹೊಸೆದು, ಸುತ್ತಿ, ಬೆಸೆದು ಮಾಡಿದ ಡಮಾಸ್ಕಸ್ ನಳಿಗೆ ಅದು. 1860ರ ಸುಮಾರಿಗೆ ಹಿರಿಯರೊಬ್ಬರಿಗೆ ಬಹುಮಾನವಾಗಿ ಬಂದದ್ದೆಂದು ಮನೆಯವರ ಮಾತು. ಫೋರೆಂಡ್ ತೆಗೆದು ನಳಿಗೆ ಬೋರಲು ಹಾಕಿದೆವು. ಎರಡೂ ಚಪ್ಪಟೆಗಳ ಮೇಲೆ ಕಿರೀಟ, ರಾಜದಂಡ, ‘ಬಿ.ಪಿ.ಸಿ.’. ಪಕ್ಕದಲ್ಲೇ ‘ವಿ’ ಇರುವ ಇನ್ನೊಂದು. ಬರ್ಮಿಂಗ್‌ಹ್ಯಾಮ್, 1904ಕ್ಕೆ ಮೊದಲು. ಬೋರಿಗೆ ‘13’. ಅದರ ಹತ್ತಿರ ಎಣ್ಣೆಜಿಡ್ಡಿನ ಅಡಿಯಲ್ಲಿ ವಜ್ರಾಕೃತಿ, ಒಳಗೆ ‘12’, ಕೆಳಗೆ ‘ಸಿ’. ಅಂದರೆ 1887ಕ್ಕಿಂತ ಹಿಂದಿನದಲ್ಲ. ಎಡ ನಳಿಗೆಯಲ್ಲಿ ಮಾತ್ರ ‘ಚೋಕ್’ ಎಂಬ ಪದ. ಅದೂ 1887ರ ಮಾತನ್ನೇ ಅನುಮೋದಿಸಿತು. ‘ನೈಟ್ರೋ ಪ್ರೂಫ್’ ಎಂಬ ಮಾತು ಎಲ್ಲೂ ಇಲ್ಲ. 1896ರಿಂದ ಆ ಪದಗಳು ಬಳಕೆಗೆ ಬಂದಿದ್ದವು, ಆದರೆ ನೈಟ್ರೋ ಪರೀಕ್ಷೆ ಆಗ ಕಡ್ಡಾಯವಾಗಿರಲಿಲ್ಲ. ಹಾಗಾಗಿ ಅವು ಇಲ್ಲವೆಂದ ಮಾತ್ರಕ್ಕೆ 1896ಕ್ಕೆ ಮೊದಲಿನದು ಎನ್ನಲಾಗದು.

ಕೊನೆಗೆ ತೀರ್ಮಾನ: 1887 ಮತ್ತು 1904ರ ನಡುವೆ ಬರ್ಮಿಂಗ್‌ಹ್ಯಾಮಿನಲ್ಲಿ ಪರೀಕ್ಷೆಯಾದ, ಕರಿಮದ್ದಿಗೆ ಮಾತ್ರ ಸಲ್ಲುವ ನಳಿಗೆ. ಮನೆಯವರ ಕಥೆಗಿಂತ ಒಂದು ತಲೆಮಾರು ಕಿರಿಯದು. ಆ ಹಿರಿಯರಿಗೆ ಬಹುಮಾನ ಬಂದದ್ದು ಸುಳ್ಳೆಂದು ಇದರಿಂದ ಸಿದ್ಧವಾಗುವುದಿಲ್ಲ. ಬಂದ ಕೋವಿ ಬೇರೆ, ಉಳಿದ ಕೋವಿ ಬೇರೆ ಇರಬಹುದು. ಆದರೆ ಆ ಮನೆಯವರಿಗೆ ನಿಜವಾಗಿ ಬೇಕಾಗಿದ್ದ ಮಾಹಿತಿ ಇನ್ನೊಂದು. ಹಬ್ಬದ ದಿನ ತೆಂಗಿನಕಾಯಿಗೆ ಈಡು ಹೊಡೆಯಲು ಅದೇ ಕೋವಿಗೆ ಅಂಗಡಿಯ ಹೊಸ ತೋಟೆ ಹಾಕುವ ಯೋಚನೆಯಲ್ಲಿದ್ದರು. ಮುದ್ರೆ ಓದಿದ ಮೇಲೆ ಅದನ್ನು ಕೈಬಿಟ್ಟರು.

ಇಲ್ಲಿ ತೋಟೆಯ ಉದ್ದದ ಮಾತನ್ನೂ ಹೇಳಲೇಬೇಕು. ಹಳೇ ಇಂಗ್ಲಿಷ್ ಹನ್ನೆರಡು ಬೋರಿನ ಚೇಂಬರು ಸಾಮಾನ್ಯವಾಗಿ 2½ ಇಂಚು, ಅಂದರೆ 65 ಮಿ.ಮೀ. 70 ಮಿ.ಮೀ. ತೋಟೆಯೂ ಅದರೊಳಗೆ ಆರಾಮಾಗಿ ಕೂತುಬಿಡುತ್ತದೆ. ಕಾರಣ, ತೋಟೆಯ ಮೇಲೆ ಬರೆದಿರುವ ಉದ್ದ ಹೊಡೆದ ನಂತರ ಬಾಯಿ ಬಿಚ್ಚಿಕೊಂಡಾಗಿನದು. ಹೊಡೆದಾಗ ಬಿಚ್ಚಿಕೊಳ್ಳುವ ಆ ಬಾಯಿಗೆ ಜಾಗ ಸಾಲದೆ ಕೊಳವೆಯ ಕಿರಿದಾದ ಭಾಗಕ್ಕೆ ನುಗ್ಗುತ್ತದೆ, ಒತ್ತಡ ಏರುತ್ತದೆ. ‘ತೋಟೆ ಒಳಗೆ ಹೋಯಿತು, ಹಾಗಾದರೆ ಸರಿ’ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಮುದ್ರೆಯಲ್ಲಿ ‘ಎನ್.ಪಿ.’ ಇದ್ದರೂ ಚೇಂಬರಿನ ಉದ್ದ ನೋಡದೆ ತೋಟೆ ಕೊಳ್ಳಬಾರದು.

ಸೀರಿಯಲ್ ನಂಬರ್

ಮುದ್ರೆಗಳು ಹತ್ತಿಪ್ಪತ್ತು ವರ್ಷಗಳ ಅಂತರ ಕೊಟ್ಟರೆ, ಅದನ್ನು ಒಂದೇ ವರ್ಷಕ್ಕೆ ಇಳಿಸುವುದು ಸೀರಿಯಲ್ ನಂಬರ್. ಅದು ಟ್ರಿಗರ್ ಕಾಪಿನ ಹಿಂಬಾಲದ ಮೇಲೆ, ನಳಿಗೆಯ ಚಪ್ಪಟೆಯ ಮೇಲೆ, ಅದಕ್ಕೆ ಎದುರಾದ ಕೋವಿಯ ಮೈಯ ಚಪ್ಪಟೆಯ ಮೇಲೆ, ಫೋರೆಂಡಿನ ಕಬ್ಬಿಣದ ಮೇಲೆ ಇರುತ್ತದೆ. ಎಲ್ಲ ಕಡೆ ಒಂದೇ ಸಂಖ್ಯೆ ಇರಬೇಕು. ನಳಿಗೆಯಲ್ಲಿ ಒಂದು, ಮೈಯಲ್ಲಿ ಇನ್ನೊಂದು ಇದ್ದರೆ ಬೇರೆ ಕೋವಿಯ ನಳಿಗೆ ತಂದು ಕೂರಿಸಿದ್ದಾರೆ.

ಪೇಟೆಂಟ್ ನಂಬರನ್ನೇ ಸೀರಿಯಲ್ ಎಂದುಕೊಳ್ಳುವ ತಪ್ಪು ಬಹಳ ಸಾಮಾನ್ಯ. ಆ ಕಾಲದಲ್ಲಿ ಒಬ್ಬರ ಪೇಟೆಂಟ್ ರಚನೆಯನ್ನು ಇನ್ನೊಬ್ಬರು ಬಳಸಿದಾಗ ಪ್ರತಿ ಕೋವಿಗೂ ರಾಜಧನ ಕೊಟ್ಟು, ಎಷ್ಟನೆಯ ಬಳಕೆ ಎಂಬ ಅಂಕಿಯನ್ನು ಒತ್ತಬೇಕಿತ್ತು. ಸಂಖ್ಯೆಯ ಹತ್ತಿರ ‘ಪೇಟೆಂಟ್’ ಎಂಬ ಪದವೋ ಬೇರೊಬ್ಬರ ಹೆಸರೋ ಇದ್ದರೆ ಅದನ್ನು ಬದಿಗಿಡಿ. ಹಾಗೆಯೇ ಕೊಳವೆಯ ಮೇಲಿನ ಒಂಟಿ ಇನಿಷಿಯಲ್ಲುಗಳು ನಳಿಗೆ ಮಾಡಿದ ಕಸುಬುದಾರರದ್ದು, ಒಡೆಯರದ್ದಲ್ಲ. ಪಟ್ಟಿಯ ಮೇಲೆ ಚಿನ್ನದಲ್ಲಿ ‘1’ ಅಥವಾ ‘2’ ಎಂದು ಕೂರಿಸಿದ್ದರೆ ಅದು ಜೋಡಿಯಾಗಿ ಮಾಡಿಸಿದ ಎರಡು ಕೋವಿಗಳಲ್ಲಿ ಒಂದು. ನಿಮ್ಮಲ್ಲಿ ‘2’ ಇದ್ದರೆ ಅದರ ಅಣ್ಣ ಎಲ್ಲೋ ಇದ್ದಾನೆ.

ಒಂದು ಕಂಪನಿಯ ಸಂಖ್ಯಾಸರಣಿಗೂ ಇನ್ನೊಂದರದ್ದಕ್ಕೂ ಸಂಬಂಧವಿಲ್ಲ. 1814ರಲ್ಲಿ ಶುರುವಾದ ಪರ್ಡಿ, 1835ರ ಹಾಲೆಂಡ್ ಅಂಡ್ ಹಾಲೆಂಡ್, 1812ರ ವೆಸ್ಟ್ಲಿ ರಿಚರ್ಡ್ಸ್ ಇವು ಇಂದಿಗೂ ಇವೆ. ಹಳೇ ಲೆಕ್ಕಪುಸ್ತಕಗಳಲ್ಲಿ ಸಂಖ್ಯೆ ಹುಡುಕಿ ಕೊಡುವ ವ್ಯವಸ್ಥೆ ಇಂಥ ಮನೆತನಗಳಲ್ಲಿದೆ, ಅದಕ್ಕೆ ಶುಲ್ಕವಿರುತ್ತದೆ. ಆದರೆ ಬರ್ಮಿಂಗ್‌ಹ್ಯಾಮಿನ ಸಣ್ಣಪುಟ್ಟ ಕಾರ್ಖಾನೆಗಳ ಪುಸ್ತಕಗಳೆಲ್ಲ ಉಳಿದಿಲ್ಲ. ಅಂಗಡಿಯ ಹೆಸರಿನ ಕೋವಿಯಲ್ಲಿ ಆ ಸಂಖ್ಯೆ ಅಂಗಡಿಯದ್ದೋ ಕಾರ್ಖಾನೆಯದ್ದೋ ಎಂದೇ ಹೇಳಲು ಬರುವುದಿಲ್ಲ. ಅಂಥ ಕಡೆ ಮುದ್ರೆಗಳೇ ಗತಿ.

ವಿಳಾಸವನ್ನೂ ಕಡೆಗಣಿಸಬೇಡಿ. ಪರ್ಡಿ ಕಂಪನಿ 1826ರಿಂದ ಆಕ್ಸ್‌ಫರ್ಡ್ ಸ್ಟ್ರೀಟಿನ 314½ನೇ ನಂಬರಿನಲ್ಲಿತ್ತು. 1880ರ ದಶಕದ ಆರಂಭದಲ್ಲಿ ಆಡ್ಲಿ ಹೌಸ್‌ಗೆ ಹೋಯಿತು. 1877ರ ಸುಮಾರಿಗೆ ಹೆಸರಿಗೆ ‘ಅಂಡ್ ಸನ್ಸ್’ ಸೇರಿತು. ಬಾಸ್ ಕಂಪನಿಯ ಕೋವಿಯಲ್ಲಿ ‘73, ಸೇಂಟ್ ಜೇಮ್ಸಸ್ ಸ್ಟ್ರೀಟ್’ ಎಂದಿದ್ದರೆ ಅದು 1908ಕ್ಕಿಂತ ಈಚಿನದಲ್ಲ. ‘ವೆಬ್ಲಿ ಅಂಡ್ ಸ್ಕಾಟ್’ ಎಂಬ ಜೋಡಿ ಹೆಸರು 1897ರಲ್ಲಿ ಕಂಪನಿಗಳು ಕೂಡಿದ ಮೇಲಷ್ಟೇ ಹುಟ್ಟಿದ್ದು.

ಕೋವಿಯ ರಚನೆಯೂ ಹೀಗೇ ‘ಇದಕ್ಕಿಂತ ಹಿಂದಿನದಲ್ಲ’ ಎಂಬ ಗೆರೆ ಎಳೆಯುತ್ತದೆ. ನಳಿಗೆಯನ್ನು ಅಡಿಯಿಂದ ಎರಡು ಕಡೆ ಕಚ್ಚಿಹಿಡಿಯುವ ಅಗುಳಿ 1863ರ ಪರ್ಡಿ ಪೇಟೆಂಟ್. ಪಟ್ಟಿಯ ಹಿಂಬದಿಯಲ್ಲಿ ಚಾಚಿದ ತುಂಡಿನೊಳಗೆ ದುಂಡು ಅಗುಳಿ ಅಡ್ಡ ಹಾಯುವುದು ಗ್ರೀನರ್‌ನದು, 1865ರ ಸುಮಾರು. ಹೊರಗೆ ಕುದುರೆಗಳಿಲ್ಲದೆ, ಮಡಚಿದಾಗ ಒಳಗೇ ತಾನಾಗಿ ಸಜ್ಜಾಗುವ ಪೆಟ್ಟಿಗೆಯಂಥ ಬಾಕ್ಸ್‌ಲಾಕ್ ರಚನೆಗೆ ವೆಸ್ಟ್ಲಿ ರಿಚರ್ಡ್ಸ್‌ನಲ್ಲಿದ್ದ ಆನ್ಸನ್ ಮತ್ತು ಡೀಲಿ ಪೇಟೆಂಟ್ ಪಡೆದದ್ದು 1875ರಲ್ಲಿ. ಕುದುರೆ ಹೊರಗಿದ್ದರೆ ಅದಕ್ಕೂ ಹಿಂದಿನದು ಎಂದು ಹೇಳಲು ಮಾತ್ರ ಹೋಗಬೇಡಿ. ಹೊರಗೆ ಕುದುರೆಯಿರುವ ಕೋವಿಗಳು ಇಪ್ಪತ್ತನೇ ಶತಮಾನದಲ್ಲೂ ತಯಾರಾದವು.

ಸೀರಿಯಲ್ ಕೊಟ್ಟ ವರ್ಷಕ್ಕೂ ಮುದ್ರೆ ಕೊಟ್ಟ ವರ್ಷಕ್ಕೂ ಹೊಂದದಿದ್ದರೆ? 1880ರ ಕೋವಿಯ ಮೈಗೆ 1930ರ ನಳಿಗೆ ಇರಬಹುದು. ಒಳ್ಳೆಯ ಕೋವಿಗೆ ನಳಿಗೆ ಸವೆದಾಗ ಹೊಸದು ಹಾಕಿಸುವುದು ವಾಡಿಕೆಯಾಗಿತ್ತು. ಹಳೇ ನಳಿಗೆಯ ಬುಡ ಉಳಿಸಿ ಮುಂದಕ್ಕೆ ಹೊಸ ಕೊಳವೆ ಬೆಸೆದಿದ್ದರೆ ‘ಸ್ಲೀವ್ಡ್’ ಎಂಬ ಪದ ಇರುತ್ತದೆ. ರಾಜದಂಡಗಳ ಪಕ್ಕದಲ್ಲೇ ‘ಬಿ.ಎನ್.ಪಿ.’ ಇದ್ದರೆ ಹಳೇ ನಳಿಗೆಯನ್ನು 1954ರ ನಂತರ ಮತ್ತೆ ಪರೀಕ್ಷಿಸಿದ್ದಾರೆ. ಸೀರಿಯಲ್ ಹೇಳುವುದು ಕೋವಿಯ ಹುಟ್ಟು, ಮುದ್ರೆ ಹೇಳುವುದು ನಳಿಗೆಯ ಪರೀಕ್ಷೆ. ತೋಟೆ ತುಂಬುವ ವಿಷಯದಲ್ಲಿ ಲೆಕ್ಕಕ್ಕೆ ಬರುವುದು ಕೊನೆಯ ಪರೀಕ್ಷೆ ಮಾತ್ರ.

ಇಂಗ್ಲೆಂಡಿನವಲ್ಲದ ಕೋವಿಗಳ ಬಗ್ಗೆ ಎರಡು ಮಾತು. ಎರಡು ಮಹಾಯುದ್ಧಗಳ ನಡುವಿನ ಜರ್ಮನ್ ನಳಿಗೆಗಳಲ್ಲಿ ಪರೀಕ್ಷೆಯ ತಿಂಗಳು ಮತ್ತು ವರ್ಷ ಅಂಕಿಗಳಲ್ಲೇ ಸಿಗುವುದುಂಟು. ಸ್ಪೇನಿನವರು 1927ರಿಂದ ವರ್ಷಕ್ಕೊಂದು ಅಕ್ಷರ ಒತ್ತಿದರು, ‘ಎ’ಯಿಂದ ಶುರು.

ಕಾನೂನು ಮತ್ತು ಕಾಗದ

ನೂರು ವರ್ಷ ದಾಟಿತು, ಇನ್ನು ಲೈಸೆನ್ಸ್ ಬೇಡ ಎಂಬ ನಂಬಿಕೆ ಹಲವರಲ್ಲಿದೆ. ಅದು ತಪ್ಪು, ಅಪಾಯಕಾರಿಯಾದ ತಪ್ಪು. 1959ರ ಆಯುಧ ಕಾಯ್ದೆಯ 45ನೇ ಸೆಕ್ಷನ್ ಬಿಟ್ಟಿರುವುದು ಹಳತಾದ, ಪುರಾತನ ಮೌಲ್ಯದ ಅಥವಾ ಕೆಟ್ಟುಹೋದ ಆಯುಧಗಳಲ್ಲಿ ರಿಪೇರಿ ಮಾಡಿದರೂ ಮಾಡದಿದ್ದರೂ ಹೊಡೆಯಲು ಬಾರದಂಥವನ್ನು ಮಾತ್ರ. 1890ರ ಕೋವಿ ಇಂದಿಗೂ ಸಿಡಿಯುತ್ತದೆ ಎಂದಾದರೆ ಅದು ಕಾನೂನಿನ ಕಣ್ಣಿಗೆ ಕೋವಿಯೇ. ಕೊಡವರಿಗೆ ಮತ್ತು ಜಮ್ಮಾ (ವಂಶಪಾರಂಪರ್ಯ) ಭೂಮಿಯ ಹಿಡುವಳಿದಾರರಿಗೆ ಇರುವ ವಿನಾಯಿತಿ ಬೇರೆ ಬಗೆಯದು. ಅದರ ಬೇರು 1861ರ ಬ್ರಿಟಿಷ್ ಆದೇಶದಲ್ಲಿದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು, ಕರ್ನಾಟಕ ಹೈಕೋರ್ಟ್ 2021ರಲ್ಲಿ ಎತ್ತಿಹಿಡಿಯಿತು. ಆ ವಿನಾಯಿತಿ ಜನರಿಗೆ ಕೊಟ್ಟದ್ದು, ಕೋವಿಯ ವಯಸ್ಸಿಗಲ್ಲ. ಆಯುಧ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ಪಿತ್ರಾರ್ಜಿತ ಕೋವಿಯೂ ಸೇರಿ ಲೈಸೆನ್ಸ್‌ದಾರರೊಬ್ಬರಿಗೆ ಎರಡೇ.

ಸೀರಿಯಲ್ ನಂಬರನ್ನು ಉಜ್ಜಿ ಅಳಿಸಬಾರದು, ಮಸುಕಾಗಿದೆಯೆಂದು ಮೇಲೆ ಹೊಸದಾಗಿ ಕೊರೆಸಲೂಬಾರದು. ಗುರುತಿಲ್ಲದ ಬಂದೂಕಿನ ಮಾರಾಟ, ಹಸ್ತಾಂತರ ಕಾಯ್ದೆಯ 8ನೇ ಸೆಕ್ಷನ್ನಿನಲ್ಲಿ ನಿಷಿದ್ಧ. ಲೈಸೆನ್ಸ್ ಪುಸ್ತಕದಲ್ಲಿ ಬರೆದಿರುವ ಸಂಖ್ಯೆ ಕೋವಿಯದ್ದೇ ಹೌದೇ ಎಂದು ಒಮ್ಮೆ ತಾಳೆ ನೋಡಿ. ಪೇಟೆಂಟ್ ಅಂಕಿಯನ್ನೋ ಮಸುಕಾದ ಅಂಕಿಯನ್ನೋ ಅಂದಾಜಿನ ಮೇಲೆ ಬರೆದುಬಿಟ್ಟು, ಅದೇ ತಪ್ಪು ನವೀಕರಣದಿಂದ ನವೀಕರಣಕ್ಕೆ ನಡೆದುಬಂದಿರುವ ಸಂಭವವಿದೆ. ವ್ಯತ್ಯಾಸ ಕಂಡರೆ ಫೋಟೋ ಸಮೇತ ಲೈಸೆನ್ಸ್ ಕೊಡುವ ಅಧಿಕಾರಿಗೆ ಅರ್ಜಿ ಕೊಟ್ಟು ತಿದ್ದಿಸಿಕೊಳ್ಳಿ. ಚುನಾವಣೆಗೆ ಕೋವಿಯನ್ನು ಠಾಣೆಯಲ್ಲಿ ಠೇವಣಿ ಇಡುವಾಗ ರಸೀದಿಯಲ್ಲೂ ಅದೇ ಸಂಖ್ಯೆ ಬಂದಿದೆಯೇ ನೋಡಿಕೊಳ್ಳಿ.

ಕಂಪನಿಗೆ ಬರೆಯುವುದಾದರೆ ಪತ್ರದಲ್ಲಿ ಇವಿಷ್ಟು ಇರಲಿ: ಪಟ್ಟಿಯ ಮೇಲಿನ ಹೆಸರು ಮತ್ತು ವಿಳಾಸ ಇದ್ದಂತೆಯೇ, ಸೀರಿಯಲ್ ನಂಬರ್ ಎಲ್ಲೆಲ್ಲಿ ಸಿಕ್ಕಿತು ಎಂಬುದು, ನಳಿಗೆಯ ಉದ್ದ, ಎರಡೂ ಚಪ್ಪಟೆಗಳ ಮತ್ತು ಕೋವಿಯ ಎಡಬಲ ಮೈಯ ಸ್ಪಷ್ಟ ಫೋಟೋ. ಮೊದಲ ಒಡೆಯರ ಹೆಸರು ಮನೆಯಲ್ಲಿ ಗೊತ್ತಿದ್ದರೆ ಅದನ್ನೂ ಸೇರಿಸಿ. ಪುಸ್ತಕದಲ್ಲಿ ಯಾರ ಹೆಸರಿಗೆ ಬರೆದಿತ್ತು ಎಂಬ ಉತ್ತರ ಬಂದಾಗ ಹೋಲಿಸಿ ನೋಡಲು ಬೇಕಾಗುತ್ತದೆ. ಬಂದ ಉತ್ತರ, ಮುದ್ರೆಗಳ ಫೋಟೋ, ಓದಿ ಬರೆದಿಟ್ಟ ಟಿಪ್ಪಣಿ ಎಲ್ಲವನ್ನೂ ಒಂದೇ ಲಕೋಟೆಯಲ್ಲಿ ಲೈಸೆನ್ಸ್ ಅಥವಾ ವಿನಾಯಿತಿ ಪತ್ರದ ಜೊತೆ ಇಡಿ. ‘ಕರಿಮದ್ದಿಗೆ ಮಾತ್ರ’, ‘2½ ಇಂಚಿನ ತೋಟೆ’ ಎಂಬಂಥ ಎಚ್ಚರಿಕೆಯನ್ನು ಒಂದು ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಕೋವಿಯ ಚೀಲಕ್ಕೇ ಕಟ್ಟಿ.